ಜೊಂಡಿನ ಚಾಪೆ ಮತ್ತು ಬಾಗಿಲ ಮೇಲಿನ ಹೆಸರು

ಬಹಳ ಹಿಂದೆ, ಈಗಿನ ಹೊಳೆಗಳಿಗೆ ಈಗಿನ ಹೆಸರು ಬೀಳುವುದಕ್ಕೂ ಮೊದಲು, ಏಳುಗಲ್ಲು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಎಲ್ಲದಕ್ಕೂ ಒಂದೊಂದು ಮಾತಿತ್ತು. ಇಡೀ ಅಕ್ಕಿಗೆ ಅಕ್ಕಿ ಎನ್ನುತ್ತಿದ್ದರು, ಒಡೆದ ಅಕ್ಕಿಗೆ ನುಚ್ಚು ಎನ್ನುತ್ತಿದ್ದರು. ಆದರೆ ತಂದೆತಾಯಿ ಸತ್ತ ಮಗುವಿಗೆ ಮಾತ್ರ ಬೇರೆ ಮಾತಿರಲಿಲ್ಲ. ಅದನ್ನೂ ಮಗು ಎಂದೇ ಕರೆಯುತ್ತಿದ್ದರು. ಬೇರೆ ಮಾತು ಬೇಕಾಗುವಷ್ಟು ಹೊತ್ತು ಅಲ್ಲಿ ಯಾವ ಮಗುವೂ ಒಂಟಿಯಾಗಿ ಕೂತಿರಲಿಲ್ಲ.

ಅಲ್ಲಿನ ಪದ್ಧತಿ ಹೀಗಿತ್ತು. ತಂದೆತಾಯಿ ಇಬ್ಬರೂ ಹೋದ ಮಗುವನ್ನು ಮೂರನೆಯ ದಿನ ಬೆಳಿಗ್ಗೆ ಮೀಯಿಸಿ, ಬೀದಿಯ ಕಟ್ಟೆಯ ಮೇಲೆ ಹೊಸ ಜೊಂಡಿನ ಚಾಪೆ ಹಾಸಿ ಕೂರಿಸುತ್ತಿದ್ದರು. ಬೀದಿಯವರೆಲ್ಲ ಸುತ್ತ ನಿಲ್ಲುತ್ತಿದ್ದರು. ಬೀದಿಯ ಹಿರಿಯಳು, "ಈ ಮಗು ಯಾರದು?" ಎಂದು ಮೂರು ಸಲ ಕೇಳಬೇಕು. "ನಮ್ಮದು" ಎಂದವರು ಮುಂದೆ ಬಂದು ಮಗುವಿನ ಬಾಯಿಗೆ ಒಂದು ತುತ್ತು ಅನ್ನ ಇಟ್ಟು, ಚಾಪೆ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು, ಮಗುವಿನ ಕೈ ಹಿಡಿದು ಮನೆಗೆ ನಡೆಯುತ್ತಿದ್ದರು. ಅಷ್ಟೇ ಪದ್ಧತಿ. ಎರಡನೆಯ ಸಲ ಕೇಳಿದ ನೆನಪು ಯಾವ ಹಿರಿಯಳಿಗೂ ಇರಲಿಲ್ಲ.

ಆ ರಾಜ್ಯದ ಕಾಡಿನಾಚೆ ಒಬ್ಬ ಮಾಂತ್ರಿಕನಿದ್ದ. ಮೊದಲನೆಯ ರಾಜನ ಕಾಲದಲ್ಲಿ ಅವನು ಕೋಟೆಗೆ ಕಲ್ಲು ತಂದುಕೊಟ್ಟು, ಅದಕ್ಕೆ ಬದಲಾಗಿ, "ಈ ರಾಜ್ಯದಲ್ಲಿ ಯಾರದೂ ಅಲ್ಲದ್ದು ನನ್ನದಾಗಲಿ" ಎಂದು ಕೇಳಿದ್ದ. ರಾಜ ನಕ್ಕು ಒಪ್ಪಿದ್ದ. "ಆದರೆ ಮೂರು ಸಲ ಕೇಳಿ, ಉತ್ತರಕ್ಕೆ ಕಾದು, ಆಮೇಲೆ ಮುಟ್ಟಬೇಕು. ಯಾರದೋ ಆದದ್ದನ್ನು ಮುಟ್ಟಿದರೆ ನೀನು ಕೂಡಿಟ್ಟದ್ದೆಲ್ಲ ನಿನ್ನ ಕೈಬಿಡುತ್ತದೆ" ಎಂದು ಮಾತು ತೆಗೆದುಕೊಂಡಿದ್ದ. ಹಾಗಾಗಿ ಏಳು ತಲೆಮಾರು ಆ ಮಾಂತ್ರಿಕನಿಗೆ ಸಿಕ್ಕಿದ್ದು ತರಗೆಲೆ, ಹಾವಿನ ಪೊರೆ, ಹಕ್ಕಿ ಉದುರಿಸಿದ ಗರಿ. ಅವನು ಬಿಳಿ ಬಟ್ಟೆ ಉಟ್ಟು, ಬೀದಿ ಬೀದಿಯಲ್ಲಿ ನಿಂತು, "ಈ ಎಲೆ ಯಾರದು?" ಎಂದು ವಿನಯದಿಂದ ಕೇಳಿ ಆರಿಸಿಕೊಳ್ಳುತ್ತಿದ್ದ. ಮಕ್ಕಳು ಹಿಂದಿನಿಂದ, "ನಮ್ಮ ಎಮ್ಮೆದು, ಮುಟ್ಟಬೇಡ" ಎಂದು ಕೂಗಿ ಓಡಿಹೋಗುತ್ತಿದ್ದರು. ಅವನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಜನ ಅವನಿಗೆ ತರಗೆಲೆ ಮಾಂತ್ರಿಕ ಎಂದೇ ಹೆಸರಿಟ್ಟಿದ್ದರು.

ಹೊಳೆಯ ದಂಡೆಯ ಜೊಂಡಿನ ಬೀದಿಯಲ್ಲಿ ಕೇತ ಎಂಬ ಯುವಕನಿದ್ದ. ಮೂರನೆಯ ದಿನದ ಚಾಪೆ ಹೆಣೆಯುವುದು ಅವನ ಮನೆಯ ಕೆಲಸ. ಅವನಿಗೆ ಇಪ್ಪತ್ತೆರಡು ವರ್ಷ. ಮದುವೆಯಾಗಿರಲಿಲ್ಲ. ಪಕ್ಕದ ಮನೆಯಲ್ಲಿ ಸಂಪಿ ಎಂಬ ಏಳು ವರ್ಷದ ಹುಡುಗಿ ಇದ್ದಳು. ದಿನವೂ ಬಂದು ಅವನೆದುರು ಕುಕ್ಕರುಗಾಲಲ್ಲಿ ಕೂತು ಹೆಣಿಗೆ ನೋಡುತ್ತಿದ್ದಳು.

"ಕೇತಣ್ಣ, ಈ ಮೂಲೆ ನಾನು ಹೆಣೀತೀನಿ."

"ಎಳೆ ಮೇಲೆ ಬರಬೇಕು. ನೀನು ಕೆಳಗೆ ಹಾಕ್ತಿದ್ದೀಯ."

"ನಂಗೆ ಕೆಳಗೇ ಚೆಂದ."

"ಹಾಗಾದರೆ ಈ ಚಾಪೆ ಮಾರೋ ಹಾಗಿಲ್ಲ. ಇಲ್ಲೇ ಬಿದ್ದಿರುತ್ತೆ."

"ಬಿದ್ದಿರಲಿ. ನಾನು ಬಂದು ಕೂರ್ತೀನಿ."

ಹಾಗೆ ಒಂದು ಮೂಲೆಯಲ್ಲಿ ತಪ್ಪು ಗಂಟು ಉಳಿದ ಒಂದು ಚಾಪೆ ಕೇತನ ಮನೆಯ ಗೋಡೆಗೆ ಒರಗಿ ನಿಂತಿತ್ತು.

ಆ ವರ್ಷ ಹೊಳೆಯಲ್ಲಿ ದೋಣಿ ಮಗುಚಿತು. ಆಚೆ ದಡದ ಸಂತೆಗೆ ಹೋಗಿದ್ದ ಸಂಪಿಯ ತಂದೆತಾಯಿ ಮರಳಿ ಬರಲಿಲ್ಲ. ಮೂರನೆಯ ದಿನಕ್ಕೆ ಹೊಸ ಚಾಪೆ ಬೇಕಿತ್ತು. ಕೇತನ ಕೈ ಆ ಎರಡು ದಿನ ಓಡಲಿಲ್ಲ. ಅವನು ಗೋಡೆಗೆ ಒರಗಿಸಿದ್ದ ಆ ಚಾಪೆಯನ್ನೇ ತಂದು ಕಟ್ಟೆಯ ಮೇಲೆ ಹಾಸಿದ. ಸಂಪಿ ತಾನು ಹೆಣೆದ ಮೂಲೆಯನ್ನು ಗುರುತು ಹಿಡಿದು ಅದರ ಪಕ್ಕದಲ್ಲೇ ಕೂತಳು.

ಬೀದಿಗೆ ಬೀದಿಯೇ ಬಂದು ನಿಂತಿತ್ತು. ಎಲ್ಲರಿಗಿಂತ ಮುಂದೆ ಸಂಪಿಯ ದೊಡ್ಡಪ್ಪ ಬೊಮ್ಮರಸ ನಿಂತಿದ್ದ. ಅವನ ಪಕ್ಕ ಅವಳ ಸೋದರಮಾವ ಮಲ್ಲಯ ನಿಂತಿದ್ದ. ಇಬ್ಬರ ಮನೆಯಲ್ಲೂ ಅನ್ನಕ್ಕೆ ಕೊರತೆ ಇರಲಿಲ್ಲ. ಇಬ್ಬರಿಗೂ ಆ ಮಗುವಿನ ಮೇಲೆ ಪ್ರೀತಿ ಇತ್ತು. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ.

ಹಿರಿಯಳಾದ ಸಾತಜ್ಜಿ ಕೇಳಿದಳು, "ಈ ಮಗು ಯಾರದು?"

ಬೊಮ್ಮರಸ, ಸೋದರಮಾವ ಬದುಕಿರುವಾಗ ತಾನು ಬಾಯಿ ಹಾಕಿದರೆ ತಾಯಿಯ ಕಡೆಯವರಿಗೆ ಅವಮಾನ ಎಂದುಕೊಂಡ. ಮಲ್ಲಯ, ತಂದೆಯ ಅಣ್ಣ ಎದುರಿಗೇ ಇರುವಾಗ ತಾನು ಮುಂದೆ ಹೋಗುವುದು ಮರ್ಯಾದೆಯಲ್ಲ ಎಂದುಕೊಂಡ. ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟು ತಲೆ ತಗ್ಗಿಸಿದರು. ಉಳಿದವರು, ರಕ್ತಸಂಬಂಧಿಗಳೇ ಸುಮ್ಮನಿರುವಾಗ ನಾವು ಯಾರು ಎಂದುಕೊಂಡರು.

"ಈ ಮಗು ಯಾರದು?" ಎಂದು ಸಾತಜ್ಜಿ ಎರಡನೆಯ ಸಲ ಕೇಳಿದಳು.

ಕೇತನ ಬಾಯಿಯಲ್ಲಿ ಆ ಮಾತು ಬಂದು ಕೂತಿತ್ತು. ಅವನು ಮೊದಲು ಮಾವನ ಮುಖ ನೋಡಿದ. ಆಮೇಲೆ ದೊಡ್ಡಪ್ಪನ ಮುಖ ನೋಡಿದ. ಇನ್ನೊಂದು ಸಲ ಕೇಳುತ್ತಾರಲ್ಲ, ಅಷ್ಟರಲ್ಲಿ ಅವರೇ ಹೇಳುತ್ತಾರೆ ಎಂದುಕೊಂಡ. ಸಂಪಿ ಸುತ್ತಲೂ ಒಂದೊಂದೇ ಮುಖ ನೋಡುತ್ತ ಬಂದು ಅವನ ಮುಖದಲ್ಲಿ ಕಣ್ಣು ನಿಲ್ಲಿಸಿದಳು. ಅವನು ಕೆಳಗೆ ನೋಡಿದ.

"ಈ ಮಗು ಯಾರದು?" ಎಂದು ಮೂರನೆಯ ಸಲ ಕೇಳಿದ್ದು ಸಾತಜ್ಜಿಯಲ್ಲ. ಅವಳಿಗೆ ಬಾಯಿ ಬರಲಿಲ್ಲ. ಗುಂಪಿನ ಹಿಂದಿನಿಂದ ಬಿಳಿ ಬಟ್ಟೆಯ ತರಗೆಲೆ ಮಾಂತ್ರಿಕ ಕೇಳಿದ. ಅವನು ವಿನಯದಿಂದ ಕಾದ. ಒಬ್ಬ ಕೆಮ್ಮಿದ. ಯಾರೂ ಮಾತಾಡಲಿಲ್ಲ.

"ಹಾಗಾದರೆ ನನ್ನದು" ಎಂದು ಅವನು ಸಂಪಿಯ ಕೈ ಹಿಡಿದು ಕಟ್ಟೆಯಿಂದ ಇಳಿಸಿದ. ಅವಳು ಅಳಲಿಲ್ಲ. ಕಾಡಿನ ತಿರುವಿನವರೆಗೂ ಹಿಂದೆ ತಿರುಗಿ ನೋಡುತ್ತ ಹೋದಳು. ಕಟ್ಟೆಯ ಮೇಲೆ ಚಾಪೆ ಉಳಿಯಿತು. ಕೇತ ಅದನ್ನು ಸುತ್ತಿ ಮನೆಗೆ ತಂದ.

ಮಾಂತ್ರಿಕ ಕಾಡಿನಾಚೆ ಒಂದು ಬಿಳಿ ಮನೆ ಕಟ್ಟಿದ. ಜೊಂಡಿನ ಬೀದಿಯವರು ಒಂದು ವಾರ ಊಟ ಸೇರದೆ ಮಲಗಿದರು. ಆದರೆ ಮುಂದಿನ ತಿಂಗಳು ಕುಂಬಾರರ ಬೀದಿಯ ಕಟ್ಟೆಯ ಮೇಲೆ ಒಂದು ಮಗು ಕೂತಾಗ, "ಹೇಗೂ ಅಲ್ಲೊಂದು ಮನೆ ಇದೆಯಲ್ಲ" ಎಂದು ಯಾರೋ ಮೆಲ್ಲಗೆ ಅಂದರು. ಆ ಮಗುವಿಗೂ ಮೂರು ಸಲ ಕೇಳಿದರು. ಅದರ ಮುಂದಿನ ಮಗುವಿಗೆ ಮೂರು ಸಲವನ್ನು ಒಂದೇ ಉಸಿರಿನಲ್ಲಿ ಕೇಳಿ ಮುಗಿಸಿದರು. ಹೀಗೆ ಎಂಟು ತಿಂಗಳಲ್ಲಿ ಮೂವತ್ತು ಮಕ್ಕಳು ಕಾಡಿನಾಚೆ ಹೋದರು. ತರಗೆಲೆ ಮಾಂತ್ರಿಕನನ್ನು ಜನ ಮಾಂತ್ರಿಕರು, ಅವರು, ಇವರು ಎಂದು ಮರ್ಯಾದೆಯಿಂದ ಕರೆಯತೊಡಗಿದರು.

ರಾಜ ಸೋಮಾಂಗದನಿಗೆ ಸಂತೋಷವಾಯಿತು. "ಇಂಥ ಒಳ್ಳೆಯ ಮನೆಗೆ ಒಂದು ಹೆಸರು ಬೇಡವೇ?" ಎಂದು ಆಸ್ಥಾನದ ಪಂಡಿತನನ್ನು ಕೇಳಿದ. ಆ ದಿನ ಅರಮನೆಗೆ ಚಾಪೆ ಕೊಡಲು ಬಂದಿದ್ದ ಕೇತ ಬಾಗಿಲ ಬಳಿ ನಿಂತಿದ್ದ.

ಪಂಡಿತ ಕಣ್ಣು ಮುಚ್ಚಿ ಯೋಚಿಸಿ ಹೇಳಿದ, "ನಾಥ ಎಂದರೆ ಕಾಯುವವನು, ಒಡೆಯ, ದಿಕ್ಕು. ನಾಥನಿಲ್ಲದವರು ಅನಾಥರು. ಆಲಯ ಎಂದರೆ ಮನೆ. ಮಹಾಪ್ರಭು, ಇದು ಅನಾಥಾಲಯ."

ಸಭೆ ತಲೆದೂಗಿತು. ಅಂಥ ಮಾತು ಆ ರಾಜ್ಯದಲ್ಲಿ ಹುಟ್ಟಿದ್ದು ಅದೇ ಮೊದಲು.

ಕೇತ ಬಾಗಿಲ ಬಳಿಯಿಂದಲೇ, "ಬುದ್ಧಿ, ಒಂದು ಮಾತು" ಎಂದ.

"ಹೇಳಪ್ಪ" ಎಂದ ರಾಜ.

"ಮೊದಲು ಹೋದ ಮಗು ನಮ್ಮ ಪಕ್ಕದ ಮನೆಯದು. ಅದಕ್ಕೆ ಮಾವ ಇದ್ದಾನೆ. ದೊಡ್ಡಪ್ಪ ಇದ್ದಾನೆ. ಬೀದಿ ತುಂಬ ಜನ ಇದ್ದಾರೆ. ನಾನೂ ಇದ್ದೆ. ಅದಕ್ಕೆ ಯಾರಿಲ್ಲ ಅಂತ ಈ ಹೆಸರು?"

ಪಂಡಿತ ಮುಗುಳ್ನಕ್ಕ. "ಇದ್ದಿರಿ ನಿಜ. ಆದರೆ ಯಾರೂ ನಮ್ಮದು ಅನ್ನಲಿಲ್ಲವಲ್ಲ."

"ಅನ್ನದೆ ಇದ್ದವರು ನಾವು. ಹಾಗಾದರೆ ಹೆಸರು ನಮಗಿಡಿ. ಮಗುವಿಗೆ ಯಾಕೆ ಇಡ್ತೀರಿ?"

ಸಭೆಯಲ್ಲಿ ನಗು ಎದ್ದಿತು. ಪಂಡಿತ ಒಳ್ಳೆಯ ಮನುಷ್ಯ, ನಗಲಿಲ್ಲ. "ಚಾಪೆಯವನೇ, ಅನ್ನದೆ ಇದ್ದವರು ಬಹಳ ಜನ. ಎಲ್ಲರಿಗೂ ಇಡುವಷ್ಟು ಹೆಸರು ನನ್ನ ಹತ್ತಿರ ಇಲ್ಲ" ಎಂದ.

"ಹೆಸರು ಚೆನ್ನಾಗಿದೆ. ಬಾಗಿಲ ಮೇಲೆ ಕೆತ್ತಿಸಿ" ಎಂದ ರಾಜ.

ಕೆತ್ತಿದ ದಿನದಿಂದ ಜನಕ್ಕೆ ಹಗುರವಾಯಿತು. ಮೊದಲು, ಕುಂಬಾರರ ಬೀದಿಯ ಚಿಟ್ಟಿ ಹೋದಳು, ಗಾಣದ ಮನೆಯ ಅಪ್ಪು ಹೋದ ಎಂದು ಹೇಳಬೇಕಾಗಿತ್ತು. ಈಗ, "ಒಂದು ಅನಾಥ ಮಗು ಇತ್ತು, ಅನಾಥಾಲಯಕ್ಕೆ ಸೇರಿಸಿದೆವು" ಎಂದರೆ ಮುಗಿಯಿತು. ಆ ಮಾತಿನಲ್ಲಿ ಮಗುವಿನ ಹೆಸರಿಲ್ಲ, ಸೇರಿಸಿದವರ ಹೆಸರೂ ಇಲ್ಲ.

ವರ್ಷ ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ ಮಾಂತ್ರಿಕ ಚಾಪೆ ಕೊಳ್ಳಲು ಜೊಂಡಿನ ಬೀದಿಗೆ ಬಂದ. ಕೇತ ಜಗಲಿಯಲ್ಲಿ ಹೆಣೆಯುತ್ತಿದ್ದ. ಸುತ್ತ ನೆರೆಹೊರೆಯವರು ಕೂತಿದ್ದರು.

"ಸಂಪಿ ಹೇಗಿದ್ದಾಳೆ?" ಎಂದು ಕೇತ ಕೇಳಿದ.

ಮಾಂತ್ರಿಕ ಯಾವತ್ತೂ ಸುಳ್ಳು ಹೇಳುತ್ತಿರಲಿಲ್ಲ. "ಚೆನ್ನಾಗಿದ್ದಾಳೆ. ಎರಡು ಹೊತ್ತು ಊಟ ಇದೆ, ಬಟ್ಟೆ ಇದೆ. ಇಷ್ಟರಲ್ಲೇ ಕಂಬವಾಗುತ್ತಾಳೆ" ಎಂದ.

"ಕಂಬ ಅಂದರೆ?"

"ನಮ್ಮ ಮನೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ಎಲ್ಲರಿಗೂ ಒಂದೇ ಹೆಸರು, ಬಾಗಿಲ ಮೇಲೆ ಇದೆಯಲ್ಲ, ಅದು. ತನ್ನ ಹೆಸರು ಕೇಳಿಸದ ಮಗು ದಿನ ಕಳೆದಂತೆ ತಿರುಗಿ ನೋಡುವುದನ್ನು ಬಿಡುತ್ತದೆ. ತಿರುಗುವುದನ್ನು ಬಿಟ್ಟದ್ದು ಕಲ್ಲಾಗುತ್ತದೆ. ಒಂದೊಂದು ಮಗುವಿನಿಂದ ನನಗೆ ಒಂದೊಂದು ಕಂಬ. ಮನೆ ದೊಡ್ಡದಾಗಬೇಕಲ್ಲ, ಇನ್ನೂ ಬರುವವರು ಇದ್ದಾರೆ. ಸಣ್ಣವು ಬೇಗ ಮರೆಯುತ್ತವೆ, ಒಂಬತ್ತು ಕಂಬ ಎದ್ದಿವೆ. ನಿಮ್ಮ ಹುಡುಗಿ ಹಟಮಾರಿ. ತನ್ನ ಹೆಸರನ್ನು ತಾನೇ ಪಿಸುಗುಟ್ಟಿಕೊಳ್ಳುತ್ತಾಳೆ. ಆದರೂ ಮೊಣಕಾಲಿನವರೆಗೆ ಬಂದಿದೆ."

ಜಗಲಿಯ ಮೇಲಿದ್ದವರೆಲ್ಲ ಕೇಳಿಸಿಕೊಂಡರು. ಮಲ್ಲಯ ಎದ್ದು ತನ್ನ ಮನೆಗೆ ಹೋದ. ಬೊಮ್ಮರಸ, "ಎರಡು ಹೊತ್ತು ಊಟ ಇದೆಯಂತಲ್ಲ" ಎಂದ.

ಕೇತ ಕೈಯಲ್ಲಿದ್ದ ಜೊಂಡನ್ನು ಕೆಳಗಿಟ್ಟ. "ಆ ಮಗು ನಮ್ಮದು" ಎಂದ.

"ಕೇಳಿದಾಗ ಹೇಳಬೇಕಿತ್ತು" ಎಂದ ಮಾಂತ್ರಿಕ. ಅವನ ದನಿಯಲ್ಲಿ ಕೊಂಕಿರಲಿಲ್ಲ. "ಮೂರು ಸಲ ಕೇಳಿದೆವು. ಈಗ ಅವಳು ನನ್ನ ಮನೆಯಲ್ಲಿದ್ದಾಳೆ. ನನ್ನ ಮನೆಯೊಳಗೆ ಯಾರದೂ ಅಲ್ಲದವರಿಗೆ ಮಾತ್ರ ಜಾಗ. ನಿಮಗೆ ಕಸುಬಿದೆ, ವಯಸ್ಸಿದೆ, ಹೆಸರಿದೆ. ನೀವು ಬರಲಾರಿರಿ." ಚಾಪೆಗಳನ್ನು ಹೊತ್ತುಕೊಂಡು ಅವನು ಹೊರಟುಹೋದ.

ಕೇತ ತಪ್ಪು ಗಂಟಿನ ಆ ಚಾಪೆಯನ್ನು ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಅವತ್ತೇ ಕಾಡಿನ ದಾರಿ ಹಿಡಿದ.

ಕಾಡಿನ ಅಂಚಿನಲ್ಲಿ ಒಂದು ಹುಲಿ ಕೂತಿತ್ತು. ಮಾಂತ್ರಿಕ ಕೂಡಿಟ್ಟ ತರಗೆಲೆಗಳಿಂದ ಮಾಡಿದ ಹುಲಿ ಅದು. ಉಸಿರೆಳೆದಾಗ ಸರಸರ ಎನ್ನುತ್ತಿತ್ತು.

"ಒಳಗಿರುವ ಹುಡುಗಿಗೆ ನೀನು ಏನಾಗಬೇಕು?" ಎಂದು ಹುಲಿ ಕೇಳಿತು.

"ಏನೂ ಆಗಬೇಕಿಲ್ಲ. ಪಕ್ಕದ ಮನೆಯವನು."

"ಮತ್ತೇಕೆ ಬಂದೆ?"

"ಬಾಯಿವರೆಗೆ ಬಂದ ಮಾತನ್ನು ನುಂಗಿದವನು ನಾನು. ಅದಕ್ಕೆ ಬಂದೆ."

ಹುಲಿ ಅವನನ್ನು ಮೂಸಿ ನೋಡಿತು. "ನಿಜ ಹೇಳಿದೆ, ಹಾಗಾಗಿ ತಿನ್ನುವುದಿಲ್ಲ. ಆದರೆ ನಿನ್ನ ಕೈಯಲ್ಲಿ ಒಂದು ಕಸುಬಿದೆ. ಕಸುಬಿದ್ದವನು ಊರಿಗೆ ಬೇಕಾದವನು. ಬೇಕಾದವನನ್ನು ಬಿಡಲಾರೆ."

"ತೆಗೆದುಕೋ" ಎಂದ ಕೇತ. ಹುಲಿ ಅವನ ಎರಡೂ ಅಂಗೈ ನೆಕ್ಕಿತು. ಅವನ ಬೆರಳುಗಳು ಹೆಣಿಗೆಯನ್ನು ಮರೆತವು. ಎಳೆ ಮೇಲೆ ಬರಬೇಕೋ ಕೆಳಗೆ ಹೋಗಬೇಕೋ ಅವನಿಗೇ ತಿಳಿಯದಾಯಿತು.

ಕಾಡಿನ ನಡುವೆ ಒಂದು ಹಾವು ದಾರಿಗೆ ಅಡ್ಡ ಮಲಗಿತ್ತು. ಸಾವಿರ ಹಾವುಗಳು ಬಿಟ್ಟುಹೋದ ಪೊರೆಗಳಿಂದ ಮಾಡಿದ ಹಾವು. ಅದರೊಳಗೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ.

"ಒಳಗಿರುವ ಹುಡುಗಿಗೆ ನೀನು ಏನಾಗಬೇಕು?"

"ಏನೂ ಆಗಬೇಕಿಲ್ಲ. ಅವಳು ನನ್ನ ಎದುರು ಕೂತು ಹೆಣಿಗೆ ಕಲಿಯುತ್ತಿದ್ದಳು."

"ಗುರುವೋ?"

"ಗುರುವೂ ಅಲ್ಲ. ಸರಿಯಾಗಿ ಕಲಿಸಿರಲಿಲ್ಲ."

"ನಿನಗಿನ್ನೂ ಎಳೆ ವಯಸ್ಸು" ಎಂದಿತು ಹಾವು. "ಎಳೆಯವರಿಗೆ ಯಾರಾದರೂ ಹೆಣ್ಣು ಕೊಡುತ್ತಾರೆ, ಮನೆಗೆ ಕರೆಯುತ್ತಾರೆ. ನೀನು ಇವತ್ತಲ್ಲ ನಾಳೆ ಯಾರವನೋ ಆಗುತ್ತೀಯ. ಬಿಡಲಾರೆ."

"ತೆಗೆದುಕೋ."

ಹಾವು ತನ್ನ ಒಂದು ಹಳೆಯ ಪೊರೆಯನ್ನು ಬಿಚ್ಚಿ ಅವನಿಗೆ ಹೊದಿಸಿತು. ಹೊದಿಸಿದ ಕಡೆಯೆಲ್ಲ ಅವನ ಚರ್ಮ ಸುಕ್ಕಾಯಿತು. ಕೂದಲು ಬೆಳ್ಳಗಾಯಿತು, ಬೆನ್ನು ಬಾಗಿತು. ಬರುವ ಐವತ್ತು ವರ್ಷಗಳು ಬರದೆಯೇ ಕಳೆದುಹೋದವು. ಅವನು ಒಂದು ಕೋಲು ಮುರಿದುಕೊಂಡು ಊರುತ್ತ ನಡೆದ. ಹಗುರವಾಗಿದ್ದ ಚಾಪೆ ಈಗ ಭಾರವಾಗಿತ್ತು.

ಕಾಡು ಮುಗಿಯುವಲ್ಲಿ ಒಂದು ಬೋಳು ಮರದ ಮೇಲೆ ಹದ್ದು ಕೂತಿತ್ತು. ಉದುರಿದ ಗರಿಗಳಿಂದ ಮಾಡಿದ ಹದ್ದು. ಒಂದು ಗರಿ ಕಾಗೆಯದು, ಒಂದು ನವಿಲಿನದು, ಒಂದು ಕೋಳಿಯದು.

"ಒಳಗಿರುವ ಹುಡುಗಿಗೆ ನೀನು ಏನಾಗಬೇಕು, ಮುದುಕಾ?"

"ಏನೂ ಆಗಬೇಕಿಲ್ಲ. ಎರಡನೆಯ ಸಲ ಕೇಳಿದಾಗ ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ."

ಹದ್ದು ಕೆಳಗಿನ ಕೊಂಬೆಗೆ ಇಳಿದು ಕೂತಿತು. "ಇಲ್ಲಿಯವರೆಗೆ ಮೂವತ್ತೊಂಬತ್ತು ಮಕ್ಕಳು ಈ ಮರದ ಕೆಳಗೆ ಹಾದುಹೋಗಿದ್ದಾರೆ" ಎಂದಿತು. "ಹಿಂದೆಯೇ ಹುಡುಕಿಕೊಂಡು ದೊಡ್ಡವರು ಒಬ್ಬರಾದರೂ ಬರುತ್ತಾರೆ ಎಂದು ಮಾಂತ್ರಿಕರು ನಮ್ಮ ಮೂವರನ್ನು ಕಾವಲಿಗೆ ಹಾಕಿದರು. ನಮಗೆ ಇದುವರೆಗೂ ಕೆಲಸವೇ ಇರಲಿಲ್ಲ. ಹೆಸರು ಕೊಟ್ಟು ಹೋಗು."

"ತೆಗೆದುಕೋ" ಎಂದ ಅವನು. ಹದ್ದು ಅವನ ನಾಲಿಗೆಯ ಮೇಲಿಂದ ಒಂದು ಕಾಳಿನಂತೆ ಅವನ ಹೆಸರನ್ನು ಹೆಕ್ಕಿಕೊಂಡಿತು. ತಾನು ಯಾರೆಂದು ಹೇಳಿಕೊಳ್ಳಲು ಆ ಮುದುಕನಿಗೆ ಈಗ ಏನೂ ಉಳಿದಿರಲಿಲ್ಲ.

ಎದುರಿಗೆ ಬಿಳಿ ಮನೆ ಇತ್ತು. ಬಾಗಿಲ ಮೇಲೆ ಪಂಡಿತ ಕೊಟ್ಟ ಹೆಸರು ಅಂದವಾದ ಅಕ್ಷರದಲ್ಲಿ ಕೆತ್ತಲಾಗಿತ್ತು. ಬಾಗಿಲು ತಾನಾಗಿ ತೆರೆಯಿತು, ಯಾರದೂ ಅಲ್ಲದವನು ಬಂದಿದ್ದನಲ್ಲ.

ಒಳಗೆ ಉದ್ದನೆಯ ಪಡಸಾಲೆ. ಮಕ್ಕಳು ಸಾಲಾಗಿ ಕೂತಿದ್ದರು, ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ. ನಡುನಡುವೆ ಕಂಬಗಳಿದ್ದವು. ಯಾವ ಕಂಬವೂ ಮುದುಕನ ಎದೆಗಿಂತ ಎತ್ತರವಿರಲಿಲ್ಲ. ಮೇಲಿನ ಸೂರು ಅವನ್ನು ಮುಟ್ಟದೆಯೇ ಅವುಗಳ ಮೇಲೆ ನಿಂತಿತ್ತು. ಮುದುಕ ದಾರಿಯಲ್ಲಿ ಆಯಾಸವಾಗಿ ಒಂದರ ಮೇಲೆ ಕೈ ಊರಿದ. ಕಂಬ ಬೆಚ್ಚಗಿತ್ತು.

ಕೊನೆಯ ಸಾಲಿನಲ್ಲಿ ಸಂಪಿ ಇದ್ದಳು. ಮೊಣಕಾಲು ದಾಟಿ ಸೊಂಟದವರೆಗೆ ಕಲ್ಲಾಗಿತ್ತು. "ಸಂಪಿ" ಎಂದು ಅವನು ಕರೆದ. ಅವಳ ಕತ್ತು ತಿರುಗಲಿಲ್ಲ. ಅವಳ ತುಟಿ ಮಾತ್ರ ಅಲುಗುತ್ತಿತ್ತು. ಅವನ ಕರೆ ಅವಳಿಗೆ ತನ್ನದೇ ಪಿಸುಮಾತಿನಂತೆ ಕೇಳಿಸಿರಬೇಕು.

ಅವನಿಗೆ ಇನ್ನೇನು ಮಾಡಬೇಕೋ ತಿಳಿಯಲಿಲ್ಲ. ಕಂಕುಳಿನ ಚಾಪೆ ಬಿಚ್ಚಿ ಅವಳೆದುರು ಹಾಸಿ, ಅದರ ಮೇಲೆ ತಾನೇ ಕೂತ.

ಮಾಂತ್ರಿಕ ಬಂದ. ಅವನ ಬಿಳಿ ಬಟ್ಟೆಗೆ ಒಂದು ಸುಕ್ಕೂ ಇರಲಿಲ್ಲ. ಚಾಪೆಯ ಮೇಲೆ ಕೂತವನನ್ನು ನೋಡಿ ಅವನು ಗುರುತಿಸಲಿಲ್ಲ. ಅಷ್ಟು ದಿನ ಮಕ್ಕಳೇ ಸಿಕ್ಕಿದ್ದವನಿಗೆ ಒಬ್ಬ ಮುದುಕನೂ ಸಿಕ್ಕಿದನಲ್ಲ ಎಂದು ಖುಷಿಯಾಯಿತು. ಪದ್ಧತಿ ಪದ್ಧತಿಯೇ. ಅವನು ಕೈ ಮುಗಿದು ಕೇಳಿದ:

"ಈ ಮುದುಕ ಯಾರವನು?"

ಮಕ್ಕಳು ನೆಲ ನೋಡಿದರು. ಆ ಮನೆಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಟ್ಟು ಅಭ್ಯಾಸವಿರಲಿಲ್ಲ.

"ಈ ಮುದುಕ ಯಾರವನು?"

ಸಂಪಿಯ ಕಣ್ಣು ನೆಲದ ಮೇಲಿತ್ತು. ನೆಲದ ಮೇಲೆ ಚಾಪೆ ಇತ್ತು. ಚಾಪೆಗೆ ನಾಲ್ಕು ಮೂಲೆ ಇದ್ದವು. ಮೂರು ಮೂಲೆಯಲ್ಲಿ ಎಳೆ ಮೇಲೆ ಬಂದಿತ್ತು, ಒಂದು ಮೂಲೆಯಲ್ಲಿ ಕೆಳಗೆ ಹೋಗಿತ್ತು. ಅವಳ ತುಟಿಯ ಅಲುಗಾಟ ನಿಂತಿತು. ಅವಳು ಆ ಮೂಲೆಯಿಂದ ಮುದುಕನ ಬೆರಳಿಗೆ ಕಣ್ಣು ಹಾಯಿಸಿದಳು, ಬೆರಳಿನಿಂದ ಮುಖಕ್ಕೆ. ಮುದುಕ ಈ ಸಲ ನೆಲ ನೋಡಲಿಲ್ಲ.

ಮಾಂತ್ರಿಕನಿಗೆ ಒಂದು ವರ್ಷದಿಂದ ಉತ್ತರವೇ ಕೇಳಿಸಿರಲಿಲ್ಲ. ಕಾಯುವುದು ಅವನಿಗೆ ಮರೆತೇಹೋಗಿತ್ತು. ಮೂರನೆಯ ಸಲ, "ಈ ಮುದುಕ ಯಾರವನು?" ಎನ್ನುತ್ತಲೇ ಅವನು ಕೈ ಚಾಚಿ ಮುದುಕನ ಭುಜ ಹಿಡಿದುಕೊಂಡ.

"ನಮ್ಮವನು" ಎಂದಳು ಸಂಪಿ.

ಮಾಂತ್ರಿಕ ಅವಳತ್ತ ತಿರುಗಿದ. "ನಿನಗೆ ಏನಾಗಬೇಕು?"

"ಏನೂ ಆಗಬೇಕಿಲ್ಲ. ನಮ್ಮ ಕೇತಣ್ಣ."

ಹದ್ದು ಆ ಹೆಸರನ್ನು ಅವನ ಬಾಯಿಂದ ತೆಗೆದಿತ್ತು. ಅವಳ ಬಾಯಿಂದ ತೆಗೆದಿರಲಿಲ್ಲ.

ಅಷ್ಟರಲ್ಲಿ ಪಕ್ಕದಲ್ಲಿದ್ದ ಗಾಣದ ಮನೆಯ ಅಪ್ಪು, ಆ ಮುದುಕನನ್ನು ಕಂಡೇ ಇರದವನು, "ನಮ್ಮವನು" ಎಂದ. ಅವನ ಆಚೆಯವಳು "ನಮ್ಮವನು" ಎಂದಳು. ಯಾರು ಹತ್ತಿರದವರು, ಯಾರು ಮೊದಲು ಹೇಳಬೇಕು ಎಂದು ಆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವರಿಗೆ ಆ ಮರ್ಯಾದೆಯನ್ನು ಯಾರೂ ಕಲಿಸಿರಲಿಲ್ಲ. ಪಡಸಾಲೆಯ ಈ ತುದಿಯಿಂದ ಆ ತುದಿಯವರೆಗೆ ಅದೊಂದೇ ಮಾತು ಕೇಳಿಸಿತು.

ಮಾಂತ್ರಿಕ ತನ್ನ ಕೈಯನ್ನು ನೋಡಿಕೊಂಡ. ಅದು ಇನ್ನೂ ಮುದುಕನ ಭುಜದ ಮೇಲೇ ಇತ್ತು. "ಕಾಯಬೇಕಿತ್ತು" ಎಂದು ಅವನು ಮೆಲ್ಲಗೆ ಹೇಳಿದ. ಅದೇ ಅವನ ಕೊನೆಯ ಮಾತು. ಬಿಳಿ ಬಟ್ಟೆ ಖಾಲಿಯಾಗಿ ಕುಸಿಯಿತು. ಅದರೊಳಗಿಂದ ಒಂದು ಬೊಗಸೆ ತರಗೆಲೆ ಚೆಲ್ಲಿತು. ಕಾಡಿನಲ್ಲಿ ಹುಲಿ ಎಲೆಯಾಯಿತು, ಹಾವು ಪೊರೆಯಾಯಿತು, ಹದ್ದು ಗರಿಯಾಯಿತು. ಗೋಡೆಗಳು ಮಂಜಿನಂತೆ ಕರಗಿ ಬಿಸಿಲು ಬಿತ್ತು.

ಮಾಂತ್ರಿಕ ಪಡೆದುಕೊಂಡದ್ದೆಲ್ಲ ಅವನ ಕೈಬಿಟ್ಟಿತು. ಆದರೆ ಕೇತ ತನ್ನದನ್ನು ತೆಗೆದುಕೋ ಎಂದು ತಾನೇ ಕೊಟ್ಟಿದ್ದ. ಕೊಟ್ಟದ್ದು ಮರಳಲಿಲ್ಲ. ಅವನು ಮುದುಕನಾಗಿಯೇ ಉಳಿದ, ಕೈಗೆ ಹೆಣಿಗೆ ಬರಲಿಲ್ಲ. ಹೆಸರೊಂದು ಮಾತ್ರ ಉಳಿಯಿತು, ಅದನ್ನು ಸಂಪಿ ಕೊಟ್ಟಳು.

ಸಂಪಿಯ ಕಾಲು ಮೆತ್ತಗಾಗಿ ರಕ್ತ ಓಡಿತು. ಅವಳು ಕುಂಟುತ್ತ ಎದ್ದು ಕಂಬಗಳ ಬಳಿ ಹೋದಳು. ಕಲ್ಲಾದವರನ್ನು ಹೆಸರು ಹಿಡಿದು ಕರೆಯಬೇಕಿತ್ತು. ಅವಳು "ಚಿಟ್ಟಿ" ಎಂದಳು, ಒಂದು ಕಂಬ ತಿರುಗಿ ನೋಡಿತು, ಚಿಟ್ಟಿಯಾಯಿತು. ಒಬ್ಬರಿಗೆ ಗೊತ್ತಿಲ್ಲದ ಹೆಸರು ಇನ್ನೊಬ್ಬರಿಗೆ ಗೊತ್ತಿತ್ತು. ಹಾಗೆ ಎಂಟು ಕಂಬಗಳು ಎಂಟು ಮಕ್ಕಳಾದವು. ಒಂಬತ್ತನೆಯದು ಎಲ್ಲಕ್ಕಿಂತ ಗಿಡ್ಡ ಕಂಬ. ಅದು ಯಾವ ಬೀದಿಯ ಮಗು, ಏನು ಹೆಸರು, ಯಾವ ಮಗುವಿಗೂ ತಿಳಿದಿರಲಿಲ್ಲ. ಮಕ್ಕಳು ತಮಗೆ ಗೊತ್ತಿದ್ದ ಹೆಸರೆಲ್ಲ ಕೂಗಿದರು. ಕಂಬ ಬೆಚ್ಚಗೆ ನಿಂತೇ ಇತ್ತು.

ಸುದ್ದಿ ಮುಟ್ಟಿ ಮರುದಿನ ಬೆಳಿಗ್ಗೆ ಏಳುಗಲ್ಲಿನ ಜನ ಓಡಿಬಂದರು. ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಹೊಸ ಚಾಪೆ. ನಮ್ಮದು, ನಮ್ಮದು ಎಂದು ಕೂಗಿಕೊಂಡೇ ಬಂದರು. ಕೆಲವು ಮಕ್ಕಳು ಓಡಿ ತಬ್ಬಿಕೊಂಡರು. ಕೆಲವರು ಬಹಳ ಹೊತ್ತು ದೂರ ನಿಂತು ಆಮೇಲೆ ಕೈ ಕೊಟ್ಟರು. ಗಿಡ್ಡ ಕಂಬದ ಹೆಸರು ಮಾತ್ರ ಬಂದವರಲ್ಲೂ ಯಾರಿಗೂ ನೆನಪಿರಲಿಲ್ಲ, ಅದನ್ನು ಒಂದು ಅನಾಥ ಮಗು ಎಂದಷ್ಟೇ ಹೇಳಿ ಕಳಿಸಿದ್ದರು.

ಮಲ್ಲಯ ಸಂಪಿಯ ಎದುರು ಕೂತು ಅತ್ತ. "ಬಾರೇ ನನ್ನವ್ವ, ಮನೆಗೆ ಹೋಗೋಣ" ಎಂದ.

"ಮಾವ, ಅವತ್ತು ನಿನಗೆ ಗಂಟಲು ಕಟ್ಟಿತ್ತಾ?" ಎಂದು ಸಂಪಿ ಕೇಳಿದಳು.

ಅವಳು ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದಳು. ಅವಳು ಚಾಪೆ ಸುತ್ತಿ ತನ್ನ ಕಂಕುಳಿಗೆ ಸಿಕ್ಕಿಸಿಕೊಂಡು, ಕೇತನ ಕೈ ಹಿಡಿದು ಅವನ ಮನೆಗೆ ನಡೆದಳು. ಅವನ ನಡಿಗೆ ನಿಧಾನವಾಗಿದ್ದರಿಂದ ಅವರು ಎಲ್ಲರಿಗಿಂತ ಹಿಂದೆ ಊರು ಸೇರಿದರು.

ರಾಜ ಸೋಮಾಂಗದ ನಾಚಿಕೆಪಟ್ಟ. ಕರಗದೆ ಉಳಿದಿದ್ದ ಬಾಗಿಲ ಕಲ್ಲನ್ನು ಪುಡಿ ಮಾಡಿಸಿದ. ಆದರೆ ಅಷ್ಟು ಹೊತ್ತಿಗೆ ಆ ಮಾತು ಕಲ್ಲು ಬಿಟ್ಟು ಬಾಯಿಗೆ ಬಂದಿತ್ತು. ವ್ಯಾಪಾರಿಗಳು ಅದನ್ನು ಪಕ್ಕದ ರಾಜ್ಯಕ್ಕೆ ಒಯ್ದರು, ಅಲ್ಲಿಂದ ಅದರ ಪಕ್ಕದ ರಾಜ್ಯಕ್ಕೆ. ಹೋದಲ್ಲೆಲ್ಲ ಆ ಮಾತಿಗೆ ತಕ್ಕ ಮನೆಗಳು ಎದ್ದವು. ಕೆಲವು ಒಳ್ಳೆಯವರ ಕೈಯಲ್ಲಿದ್ದವು, ಮಕ್ಕಳನ್ನು ಹೆಸರು ಹಿಡಿದು ಕರೆದವು. ಕೆಲವು ಕರೆಯಲಿಲ್ಲ.

ಏಳುಗಲ್ಲಿನಲ್ಲಿ ಮಾತ್ರ ಪದ್ಧತಿ ಬದಲಾಯಿತು. ಮೂರು ಸಲ ಕೇಳುವುದನ್ನು ಬಿಟ್ಟರು. ಒಂದೇ ಸಲ ಕೇಳಬೇಕು, ಅಲ್ಲಿದ್ದವರೆಲ್ಲ ಒಟ್ಟಿಗೆ ಹೇಳಬೇಕು, ಯಾರ ಮನೆ ಎಂಬುದನ್ನು ಆಮೇಲೆ ಮಗುವೇ ಆರಿಸಿಕೊಳ್ಳಬೇಕು ಎಂದಾಯಿತು. ಸಂಪಿಗೆ ಹದಿನಾಲ್ಕು ತುಂಬಿದ ವರ್ಷ ಕೇತ ತೀರಿಕೊಂಡ. ಅವನ ವಯಸ್ಸಿಗೆ ಅದು ಸಹಜವಾದ ಸಾವು ಎಂದು ಎಲ್ಲರೂ ಹೇಳಿದರು. ಅವನ ವಯಸ್ಸು ಎಷ್ಟೆಂದು ಸಂಪಿಗೆ ಗೊತ್ತಿತ್ತು. ಅವನಿಗೆ ಇಪ್ಪತ್ತೊಂಬತ್ತು ವರ್ಷ.

ಮೂರನೆಯ ದಿನ ಅವಳು ಅದೇ ಚಾಪೆ ಹಾಸಿಕೊಂಡು ಕಟ್ಟೆಯ ಮೇಲೆ ಕೂತಳು. ಹಿರಿಯಳು ಬಾಯಿ ತೆರೆಯುವ ಮೊದಲೇ ಬಿಳಿ ಮನೆಯಿಂದ ಬಂದಿದ್ದ ಮೂವತ್ತೇಳು ಮಂದಿಯೂ "ನಮ್ಮವಳು" ಎಂದರು. ಅವರ ಹಿಂದೆ ಇಡೀ ಊರು ಹೇಳಿತು. ಅವಳು ಎಲ್ಲರಿಂದಲೂ ಒಂದೊಂದು ತುತ್ತು ತಿಂದಳು, ಚಾಪೆ ಹೆಣೆಯುವ ಆ ಮನೆಯಲ್ಲೇ ಉಳಿದಳು.

ಆಮೇಲೆ ಆ ರಾಜ್ಯದಲ್ಲಿ ಮಳೆಬೆಳೆ ಚೆನ್ನಾಗಿ ಆಯಿತು, ಮಕ್ಕಳು ದೊಡ್ಡವರಾದರು, ಎಲ್ಲರೂ ಸುಖವಾಗಿ ಬಾಳಿದರು. ಅದು ಸುಳ್ಳಲ್ಲ. ಕ್ರಮೇಣ ಹಳೆಯದನ್ನೆಲ್ಲ ಮರೆತರು ಕೂಡ.

ಸಂಪಿ ಮಾತ್ರ ದಿನವೂ ಬೆಳಿಗ್ಗೆ ಜೊಂಡು ಕೊಯ್ಯಲು ಹೋಗುವ ಮೊದಲು ಕಾಡು ದಾಟಿ, ಬಯಲಿನಲ್ಲಿ ಒಂಟಿಯಾಗಿ ನಿಂತ ಆ ಗಿಡ್ಡ ಕಂಬದ ಎದುರು ನಿಲ್ಲುತ್ತಿದ್ದಳು. ದಿನಕ್ಕೊಂದು ಹೆಸರು ಕರೆಯುತ್ತಿದ್ದಳು. ಒಮ್ಮೆ ಕರೆದ ಹೆಸರನ್ನು ಇನ್ನೊಮ್ಮೆ ಕರೆಯುತ್ತಿರಲಿಲ್ಲ. ಕರೆದು, ಉತ್ತರಕ್ಕೆ ಕಾಯುತ್ತಿದ್ದಳು. ಆಮೇಲೆ ಕಂಬದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಬೆಚ್ಚಗೇ ಇರುತ್ತಿತ್ತು. ನಾಳೆ ಬರುತ್ತೇನೆ ಎಂದು ಅದಕ್ಕೆ ಹೇಳಿ, ಹೊಳೆಯ ಕಡೆ ನಡೆಯುತ್ತಿದ್ದಳು.